ಬಾಣಂತನ ಯಾರ ಹೊಣೆ?

ಹೆರಿಗೆಯಾದ ಮನೆಗೆ ಹೋದವರು ಮೊದಲು ನೋಡುವುದು ತೊಟ್ಟಿಲನ್ನು. ಮಗು ಯಾರ ಹಾಗಿದೆ, ತೂಕ ಎಷ್ಟಿದೆ ಎಂಬ ಮಾತೆಲ್ಲ ಮುಗಿದ ಮೇಲೆ, ಪಕ್ಕದಲ್ಲಿ ಕಿವಿಗೆ ಹತ್ತಿ ಇಟ್ಟುಕೊಂಡು, ತಲೆಗೆ ಬಟ್ಟೆ ಕಟ್ಟಿಕೊಂಡು ಕುಳಿತಾಕೆಯ ಕಡೆಗೆ ಒಂದು ನೋಟ ಹರಿಯುತ್ತದೆ. "ಹೇಗಿದ್ದೀಯಮ್ಮಾ?" "ಚೆನ್ನಾಗಿದ್ದೀನಿ." ವಿಚಾರಣೆ ಅಲ್ಲಿಗೆ ಮುಗಿಯಿತು. ಮುಂದಿನ ಆರು ವಾರ ಆಕೆಯನ್ನು ನೋಡಿಕೊಳ್ಳುವವರು ಯಾರು? ಆಕೆ ಮಾಡುತ್ತಿದ್ದ ಕೆಲಸವನ್ನು ಯಾರು ಮಾಡುತ್ತಾರೆ? ಆಕೆ ದುಡಿದು ತರುತ್ತಿದ್ದ ಹಣ ಎಲ್ಲಿಂದ ಬರಬೇಕು? ಈ ಮೂರು ಪ್ರಶ್ನೆಗಳಿಗೆ ಪ್ರಪಂಚದ ಬೇರೆ ಬೇರೆ ಸಮಾಜಗಳು ಬೇರೆ ಬೇರೆ ಉತ್ತರ ಕಂಡುಕೊಂಡಿವೆ.

ಈ ವಿಷಯವನ್ನು ನಮ್ಮ ಮಾತುಕತೆಯ ಕಾರ್ಯಕ್ರಮಕ್ಕೆ ಎತ್ತಿಕೊಂಡಾಗ ಸ್ಟುಡಿಯೋಗೆ ಬಂದಿದ್ದ ಕಾಲೇಜು ವಿದ್ಯಾರ್ಥಿನಿಯೊಬ್ಬಳು ಕೇಳಿದಳು: "ತವರುಮನೆ ಇಲ್ಲದವರು ಏನು ಮಾಡುತ್ತಾರೆ ಮೇಡಂ?" ಚರ್ಚೆಗೆ ಕುಳಿತಿದ್ದವರಲ್ಲಿ ಯಾರೂ ಕೂಡಲೇ ಉತ್ತರ ಕೊಡಲಿಲ್ಲ. ಅರ್ಧ ಗಂಟೆಯ ಕಾರ್ಯಕ್ರಮದಲ್ಲಿ ಯೋಚಿಸಿ ಉತ್ತರಿಸಲು ವ್ಯವಧಾನವೂ ಇರಲಿಲ್ಲ. ಆ ಪ್ರಶ್ನೆಯನ್ನೇ ಹಿಡಿದುಕೊಂಡು ಈ ಬರಹ.

ನಲವತ್ತು ದಿನದ ಲೆಕ್ಕ

ಮೊದಲು ದೇಹದ ವಿಚಾರ ತಿಳಿಯೋಣ. ಹೆರಿಗೆಯಾದ ಕೂಡಲೇ ಗರ್ಭಕೋಶದ ತೂಕ ಸುಮಾರು ಒಂದು ಕಿಲೋಗ್ರಾಂ ಇರುತ್ತದೆ. ಆರು ವಾರಗಳಲ್ಲಿ ಅದು ಕುಗ್ಗುತ್ತ ಬಂದು ನೂರು ಗ್ರಾಂಗಿಂತ ಕೆಳಕ್ಕೆ ಇಳಿಯುತ್ತದೆ. ಮಾಸು ಅಂಟಿಕೊಂಡಿದ್ದ ಜಾಗದಲ್ಲಿ ಅಂಗೈಯಗಲದ ಹಸಿಗಾಯ ಉಳಿದಿರುತ್ತದೆ. ಅದು ಒಳಗಿನಿಂದಲೇ ಮಾಯಬೇಕು. ಸಾಮಾನ್ಯ ಹೆರಿಗೆಯಲ್ಲೂ ಅರ್ಧ ಲೀಟರಿನವರೆಗೆ ರಕ್ತ ಹೋಗಿರಬಹುದು. ಇದರ ಮೇಲೆ ಹಾಲೂಡಿಸುವ ಕೆಲಸ. ಅದಕ್ಕಾಗಿ ತಾಯಿಗೆ ದಿನಕ್ಕೆ 500ರಿಂದ 600 ಕಿಲೋಕ್ಯಾಲರಿಗಳಷ್ಟು ಹೆಚ್ಚಿನ ಆಹಾರ ಬೇಕು, ಅಂದರೆ ಹೆಚ್ಚುಕಡಿಮೆ ಇನ್ನೊಂದು ಹೊತ್ತಿನ ಊಟ. ಇಷ್ಟೆಲ್ಲ ನಡೆಯುವುದು ಎರಡು ಗಂಟೆಗೊಮ್ಮೆ ಎಚ್ಚರವಾಗುವ ನಿದ್ರೆಯಲ್ಲಿ.

ವಿಶ್ವ ಆರೋಗ್ಯ ಸಂಸ್ಥೆಯ ವ್ಯಾಖ್ಯೆಯ ಪ್ರಕಾರ, ಗರ್ಭಾವಸ್ಥೆಯಲ್ಲಿ ಅಥವಾ ಅದು ಮುಗಿದ 42 ದಿನಗಳೊಳಗೆ ಅದಕ್ಕೆ ಸಂಬಂಧಿಸಿದ ಕಾರಣದಿಂದ ಆಗುವ ಸಾವು 'ತಾಯಿಯ ಮರಣ' ಎನಿಸಿಕೊಳ್ಳುತ್ತದೆ. ಸ್ವಾರಸ್ಯವೇನೆಂದರೆ, ವೈದ್ಯವಿಜ್ಞಾನ 42 ಎಂದು ಬರೆದುಕೊಳ್ಳುವ ಎಷ್ಟೋ ಮುಂಚೆ ಅನೇಕ ಸಮಾಜಗಳು ತಾವಾಗಿಯೇ ನಲವತ್ತರ ಆಸುಪಾಸಿಗೆ ಬಂದಿದ್ದವು. ಮೆಕ್ಸಿಕೋ ಮತ್ತಿತರ ಲ್ಯಾಟಿನ್ ಅಮೆರಿಕದ ದೇಶಗಳಲ್ಲಿ ಈ ಅವಧಿಗೆ 'ಕ್ವಾರೆಂತೇನಾ' ಎಂದು ಹೆಸರು. ಹಾಗೆಂದರೆ ನಲವತ್ತು ದಿನ. ಅರಬ್ ನಾಡುಗಳಲ್ಲೂ ನಲವತ್ತೇ. ಚೀನಾದಲ್ಲಿ ಒಂದು ತಿಂಗಳು.

ನಮ್ಮಲ್ಲಿ ಎಣ್ಣೆನೀರು, ಸಾಂಬ್ರಾಣಿಯ ಹೊಗೆ, ಮೆಣಸಿನ ಸಾರು, ಬೆಳ್ಳುಳ್ಳಿ, ಸಬ್ಬಸಿಗೆ ಸೊಪ್ಪು, ಅಂಟಿನುಂಡೆ, ಉತ್ತರ ಕರ್ನಾಟಕದಲ್ಲಾದರೆ ಅಳವಿ ಪಾಯಸ. ಇವುಗಳಲ್ಲಿ ಯಾವುದು ಎಷ್ಟು ಉಪಯುಕ್ತ ಎಂಬುದು ಬೇರೆ ಚರ್ಚೆ. ಆದರೆ ಇವೆಲ್ಲದರ ಹಿಂದೆ ಒಂದು ವ್ಯವಸ್ಥೆ ಇದೆಯೆಂಬುದನ್ನು ಗಮನಿಸಬೇಕು. ನೀರು ಕಾಯಿಸಲು ಒಬ್ಬರು, ಮಗುವನ್ನು ಕಾಲ ಮೇಲೆ ಮಲಗಿಸಿ ಎರೆಯಲು ಒಬ್ಬರು, ಅಡುಗೆಗೆ ಒಬ್ಬರು. ಬಾಣಂತಿ ಹಾಸಿಗೆ ಬಿಟ್ಟು ಏಳುವ ಹಾಗಿಲ್ಲ. 'ಪುರುಡು' ಎಂಬ ಹೆಸರಿನಲ್ಲಿ ಆಕೆಯನ್ನು ಪ್ರತ್ಯೇಕವಾಗಿ ಇಡುತ್ತಿದ್ದುದಕ್ಕೆ ಕೊಡುತ್ತಿದ್ದ ಕಾರಣ ಮೈಲಿಗೆ. ಆ ಕಾರಣವನ್ನು ಇಂದು ಒಪ್ಪಬೇಕಾಗಿಲ್ಲ. ಅದರಿಂದ ಆಕೆಗೆ ಅಡುಗೆಮನೆಯಿಂದ ಬಿಡುವು ಸಿಕ್ಕಿದ್ದು ಮತ್ತು ಹೊರಗಿನವರ ಕೈ ಸೋಕದೆ ಇದ್ದದ್ದು ಮಾತ್ರ ನಿಜವಾದ ಲಾಭ. ಕೈಯ ಮೂಲಕ ಬಾಣಂತಿ ಜ್ವರ ಹರಡುತ್ತದೆಂದು 1847ರಲ್ಲಿ ವಿಯೆನ್ನಾದ ಆಸ್ಪತ್ರೆಯಲ್ಲಿ ಇಗ್ನಾಜ್ ಸೆಮ್ಮೆಲ್‌ವೈಸ್ ಎಂಬ ವೈದ್ಯ ತೋರಿಸಿಕೊಟ್ಟ. ಹೆರಿಗೆ ಮಾಡಿಸುವ ವೈದ್ಯರು ಕ್ಲೋರಿನ್ ಬೆರೆಸಿದ ನೀರಿನಲ್ಲಿ ಕೈ ತೊಳೆಯಬೇಕೆಂದು ಅವನು ಕಡ್ಡಾಯ ಮಾಡಿದ ಮೇಲೆ ಆ ವಾರ್ಡಿನ ಸಾವುಗಳು ತೀವ್ರವಾಗಿ ಇಳಿದವು. ಆದರೂ ಸಹೋದ್ಯೋಗಿಗಳು ಅವನ ಮಾತನ್ನು ಒಪ್ಪಲಿಲ್ಲ. ಆ ಕಥೆಯನ್ನು ಇನ್ನೊಂದು ಸಂಚಿಕೆಗೆ ಇಟ್ಟುಕೊಳ್ಳೋಣ.

ಹಳೆಯದೆಲ್ಲ ಒಳ್ಳೆಯದೆಂದು ಹೇಳಲು ಬರುವುದಿಲ್ಲ. ಕೆಲವು ಮನೆಗಳಲ್ಲಿ ಬಾಣಂತಿಗೆ ನೀರನ್ನೇ ಅಳೆದು ಕೊಡುತ್ತಾರೆ. ಹಾಲೂಡಿಸುವವಳಿಗೆ ಇದು ಶಿಕ್ಷೆಯೇ ಸರಿ. ಮೊದಲ ದಿನಗಳ ಹಳದಿ ಬಣ್ಣದ ಗಟ್ಟಿ ಹಾಲನ್ನು ಹಿಂಡಿ ಚೆಲ್ಲಿ ಮಗುವಿನ ಬಾಯಿಗೆ ಜೇನು ಸವರುವ ಪದ್ಧತಿಯೂ ಇತ್ತು. ಮಗುವಿಗೆ ರೋಗನಿರೋಧಕ ಶಕ್ತಿ ಕೊಡುವುದು ಆ ಹಾಲೇ. ಜೇನು ಒಂದು ವರ್ಷ ತುಂಬುವವರೆಗೆ ಅಪಾಯಕಾರಿ.

ಅಮ್ಮ, ಅತ್ತೆ ಮತ್ತು ಸಂಬಳದ ಆಳು

ತವರಿಗೆ ಹೋಗುವ ಪದ್ಧತಿ ನಮ್ಮದು ಮಾತ್ರ ಎಂದುಕೊಂಡಿದ್ದರೆ ನಿಮಗೆ ಆಶ್ಚರ್ಯವಾಗಬಹುದು. ಜಪಾನಿನಲ್ಲಿಯೂ ಬಸುರಿ ಹೆರಿಗೆಗೆ ಮುಂಚೆ ತವರಿಗೆ ಹೋಗುವುದುಂಟು. ಅದಕ್ಕೆ ಅವರ ಹೆಸರು 'ಸಾತೊಗಾಯೆರಿ'. ತವರೂರಿಗೆ ಮರಳುವುದು ಎಂದೇ ಅದರ ಅರ್ಥ. ಚೀನಾದಲ್ಲಿ 'ತ್ಸುವೋ ಯುಯೆತ್ಸು', ಅಂದರೆ 'ತಿಂಗಳು ಕೂರುವುದು'. ಅಲ್ಲಿ ಆರೈಕೆ ಹೆಚ್ಚಾಗಿ ಅತ್ತೆಯ ಪಾಲಿಗೆ ಬರುತ್ತಿತ್ತು. ತಣ್ಣೀರು ಮುಟ್ಟಬಾರದು, ಗಾಳಿಗೆ ಮೈಯೊಡ್ಡಬಾರದು, ಶುಂಠಿ ಹಾಕಿದ ಕೋಳಿಯ ಸಾರು, ಕೆಂಪು ಸಕ್ಕರೆ, ಮೊಟ್ಟೆ ತಿನ್ನಬೇಕು. ನಮ್ಮ ಅಜ್ಜಿಯರು ಕೇಳಿದ್ದರೆ, ಮೊಟ್ಟೆ ಕೋಳಿ ಬಿಟ್ಟು ಉಳಿದದ್ದಕ್ಕೆಲ್ಲ ಹೌದು ಹೌದು ಎನ್ನುತ್ತಿದ್ದರೇನೋ. ಕೊರಿಯಾದಲ್ಲಿ ಬಾಣಂತಿಗೆ ಕಡಲಕಳೆಯ ಸಾರು ಕುಡಿಸುತ್ತಾರೆ. ಅದೇ ಸಾರನ್ನು ಮುಂದೆ ಪ್ರತಿ ಹುಟ್ಟುಹಬ್ಬಕ್ಕೂ ಮಾಡುತ್ತಾರೆ. ಹುಟ್ಟಿದವನ ಹಬ್ಬದ ದಿನ ಹೆತ್ತವಳ ಪಥ್ಯದ ಅಡುಗೆ!

ಈ ಎಲ್ಲ ಪದ್ಧತಿಗಳೂ ಒಂದೇ ಅಡಿಪಾಯದ ಮೇಲೆ ನಿಂತಿವೆ. ಸಂಬಳ ಕೇಳದೆ ಒಂದು ತಿಂಗಳೋ ಒಂದೂವರೆ ತಿಂಗಳೋ ದುಡಿಯುವ ಹಿರಿಯ ಹೆಂಗಸು ಮನೆಯಲ್ಲಿ ಇರಬೇಕು. ಕುಟುಂಬಗಳು ಚಿಕ್ಕವಾದವು, ಮಕ್ಕಳು ದೂರದ ನಗರಗಳಿಗೆ ಹೋದರು, ಅಮ್ಮನೂ ನೌಕರಿಗೆ ಹೋಗತೊಡಗಿದಳು. ಆಗ ಏನಾಗುತ್ತದೆ ಎಂಬುದನ್ನು ಪೂರ್ವ ಏಷ್ಯಾದಲ್ಲಿ ಸ್ಪಷ್ಟವಾಗಿ ನೋಡಬಹುದು. ಚೀನಾದ ನಗರಗಳಲ್ಲಿ ಒಂದು ತಿಂಗಳ ಮಟ್ಟಿಗೆ ಮನೆಯಲ್ಲೇ ಉಳಿದು ತಾಯಿ ಮಗುವನ್ನು ನೋಡಿಕೊಳ್ಳುವ ಸಂಬಳದ ದಾದಿಯರು ಬಂದಿದ್ದಾರೆ. ದಕ್ಷಿಣ ಕೊರಿಯಾ ಮತ್ತು ತೈವಾನ್‌ಗಳಲ್ಲಿ ಬಾಣಂತನದ ಕೇಂದ್ರಗಳೇ ಹುಟ್ಟಿಕೊಂಡಿವೆ. ಕೊರಿಯಾದಲ್ಲಿ ಬಹುಪಾಲು ತಾಯಂದಿರು ಈಗ ಅಂಥ ಕೇಂದ್ರದಲ್ಲಿ ಕೆಲ ದಿನ ಕಳೆಯುತ್ತಾರೆ. ಹೋಟೆಲಿನಂಥ ಕೋಣೆ, ಹೊತ್ತು ಹೊತ್ತಿಗೆ ಊಟ, ಮಗುವಿಗೆ ದಾದಿ ಎಲ್ಲವೂ ಉಂಟು. ಬಿಲ್ಲೂ ಹಾಗೆಯೇ ಇರುತ್ತದೆ. ತವರಿದ್ದವರಿಗೆ ಸಿಗುತ್ತಿದ್ದದ್ದು ಈಗ ಹಣವಿದ್ದವರಿಗೆ ಸಿಗುತ್ತದೆ. ಎರಡೂ ಇಲ್ಲದವರ ಪ್ರಶ್ನೆ ಹಾಗೆಯೇ ಉಳಿಯಿತು.

ಒಂದು ರಟ್ಟಿನ ಪೆಟ್ಟಿಗೆ

ಇದಕ್ಕೆ ಬೇರೆಯೇ ಉತ್ತರ ಹುಡುಕಿದ ದೇಶ ಫಿನ್‌ಲೆಂಡ್. 1930ರ ದಶಕದಲ್ಲಿ ಅದು ಬಡ ದೇಶ. ಹುಟ್ಟಿದ ಸಾವಿರ ಶಿಶುಗಳಲ್ಲಿ ಸುಮಾರು 65 ಒಂದು ವರ್ಷ ತುಂಬುವ ಮೊದಲೇ ಸಾಯುತ್ತಿದ್ದವು. ಜನಸಂಖ್ಯೆ ಕುಗ್ಗೀತು ಎಂಬ ಆತಂಕವೂ ಇತ್ತು. 1937ರಲ್ಲಿ ಅಲ್ಲಿನ ಸಂಸತ್ತು ಒಂದು ಕಾನೂನು ಮಾಡಿ ಕಡಿಮೆ ಆದಾಯದ ತಾಯಂದಿರಿಗೆ ಹೆರಿಗೆ ಸಹಾಯ ಗೊತ್ತುಪಡಿಸಿತು. ಮರುವರ್ಷದಿಂದ ಸಹಾಯ ತಲುಪತೊಡಗಿತು. ಅದು ಮುಂದೆ ಲೋಕಪ್ರಸಿದ್ಧವಾದದ್ದು ಒಂದು ರಟ್ಟಿನ ಪೆಟ್ಟಿಗೆಯ ರೂಪದಲ್ಲಿ. ಅದರಲ್ಲಿ ಮಗುವಿನ ಬಟ್ಟೆ, ಹೊದಿಕೆ, ಪುಟ್ಟ ಹಾಸಿಗೆ ಇರುತ್ತವೆ. ಎಲ್ಲ ಸಾಮಾನು ತೆಗೆದು, ತಳಕ್ಕೆ ಹಾಸಿಗೆ ಹಾಸಿದರೆ ಪೆಟ್ಟಿಗೆಯೇ ಮಗುವಿನ ಮೊದಲ ತೊಟ್ಟಿಲು.

ಆ ಪೆಟ್ಟಿಗೆಯ ಒಳಗಿನ ಸಾಮಾನುಗಳಲ್ಲೇ ಆ ದೇಶದ ಚರಿತ್ರೆಯನ್ನು ಓದಬಹುದು. ಆರಂಭದಲ್ಲಿ ಹೊಲಿದ ಅಂಗಿಗಳಿರಲಿಲ್ಲ, ಬಟ್ಟೆಯ ತುಂಡುಗಳಿದ್ದವು. ತಾಯಂದಿರು ತಾವೇ ಹೊಲಿದುಕೊಳ್ಳುತ್ತಿದ್ದರು. ಎರಡನೆಯ ಮಹಾಯುದ್ಧದಲ್ಲಿ ಹತ್ತಿಬಟ್ಟೆ ಸೈನ್ಯಕ್ಕೆ ಬೇಕಾದಾಗ ಕಾಗದದ ಹೊದಿಕೆ ಬಂತು. 1950ರ ದಶಕದಲ್ಲಿ ಸಿದ್ಧ ಉಡುಪು ಬಂತು. ಮುಂದೊಂದು ಕಾಲಕ್ಕೆ, ತಾಯಿಯ ಹಾಲಿಗೆ ಪ್ರೋತ್ಸಾಹ ಸಿಗಲೆಂದು ಹಾಲಿನ ಬಾಟಲಿಯನ್ನು ತೆಗೆದುಹಾಕಿದರು. ಬಟ್ಟೆಗಳ ಬಣ್ಣ ಗಂಡು ಹೆಣ್ಣು ಎರಡೂ ಮಕ್ಕಳಿಗೆ ಒಪ್ಪುವಂಥದು. ಏಕೆಂದರೆ ಪೆಟ್ಟಿಗೆ ಬರುವುದು ಮಗು ಹುಟ್ಟುವ ಮೊದಲೇ.

ಪೆಟ್ಟಿಗೆಯ ಚಿತ್ರ ಟೀವಿಗೆ ಚೆನ್ನಾಗಿ ಒಪ್ಪುತ್ತದೆ. ಹಾಗಾಗಿ ನಮ್ಮ ಹಾಗೆ ಕಾರ್ಯಕ್ರಮ ಮಾಡುವವರೆಲ್ಲ ಅದನ್ನೇ ತೋರಿಸಿ ಮುಗಿಸಿಬಿಡುತ್ತಾರೆ. ನಿಜವಾದ ಕೆಲಸ ಮಾಡಿದ್ದು ಪೆಟ್ಟಿಗೆಗೆ ಅಂಟಿಸಿದ್ದ ಒಂದು ಷರತ್ತು. 1949ರಲ್ಲಿ ಆದಾಯದ ಮಿತಿಯನ್ನು ತೆಗೆದು ಎಲ್ಲ ತಾಯಂದಿರಿಗೂ ಪೆಟ್ಟಿಗೆ ಎಂದಾಯಿತು. ಆದರೆ ಗರ್ಭಿಣಿ ನಾಲ್ಕನೆಯ ತಿಂಗಳು ಮುಗಿಯುವುದರೊಳಗೆ ವೈದ್ಯರ ಬಳಿಗೋ ತಾಯಂದಿರ ಸಲಹಾ ಕೇಂದ್ರಕ್ಕೋ ಹೋಗಿ ತಪಾಸಣೆ ಮಾಡಿಸಿಕೊಂಡಿರಬೇಕು. ಈ ಕೇಂದ್ರಗಳಿಗೆ ಫಿನ್ನಿಶ್ ಭಾಷೆಯಲ್ಲಿ 'ನೆಉವೊಲ' ಎನ್ನುತ್ತಾರೆ. ಬುದ್ಧಿಮಾತು ಸಿಗುವ ಜಾಗ ಎಂದು ಆ ಪದದ ಅರ್ಥ. ಮಕ್ಕಳ ತಜ್ಞ ಆರ್ವೊ ಯುಲ್ಪೊ 1922ರಲ್ಲಿ ಹೆಲ್ಸಿಂಕಿಯಲ್ಲಿ ಇಂಥ ಕೆಲಸ ಆರಂಭಿಸಿದ್ದ. ಪ್ರತಿಯೊಂದು ಸ್ಥಳೀಯ ಆಡಳಿತವೂ ಕೇಂದ್ರವನ್ನು ನಡೆಸಲೇಬೇಕೆಂದು 1944ರಲ್ಲಿ ಕಾನೂನಾಯಿತು.

ಆ ತಪಾಸಣೆಯಲ್ಲಿ ರಕ್ತದೊತ್ತಡ, ಮೂತ್ರ, ರಕ್ತಹೀನತೆ ಮುಂತಾದವನ್ನು ನೋಡುತ್ತಾರೆ. ರಕ್ತದೊತ್ತಡ ಏರಿ ಮೂತ್ರದಲ್ಲಿ ಪ್ರೋಟೀನು ಹೋಗುತ್ತಿದ್ದರೆ ಅದು ತಾಯಿಗೂ ಮಗುವಿಗೂ ಅಪಾಯದ ಸೂಚನೆ. ಹೊರಗೆ ಏನೂ ಕಾಣದಿರಬಹುದು. ಪೆಟ್ಟಿಗೆಗಾಗಿ ಬಂದವಳು ತನಗೆ ಅರಿವಿಲ್ಲದೆ ವೈದ್ಯಕೀಯ ಕಣ್ಗಾವಲಿನೊಳಗೆ ಬರುತ್ತಿದ್ದಳು. ಹೆರಿಗೆಯ ನಂತರವೂ ಅದೇ ಕೇಂದ್ರದ ದಾದಿ ಮಗುವಿನ ಬೆಳವಣಿಗೆ ನೋಡುತ್ತಾಳೆ, ಲಸಿಕೆ ಹಾಕುತ್ತಾಳೆ, ತಾಯಿಯ ಮನಸ್ಸು ಹೇಗಿದೆ ಎಂದು ವಿಚಾರಿಸುತ್ತಾಳೆ. ಈಗ ಫಿನ್‌ಲೆಂಡಿನಲ್ಲಿ ಒಂದು ವರ್ಷದೊಳಗೆ ಸಾಯುವ ಶಿಶುಗಳ ಸಂಖ್ಯೆ ಸಾವಿರಕ್ಕೆ ಸುಮಾರು ಎರಡು. ಇದಕ್ಕೆ ಪೆಟ್ಟಿಗೆಯೊಂದೇ ಕಾರಣವೆಂದರೆ ವಿಜ್ಞಾನ ಓದಿದವರು ನಗುತ್ತಾರೆ. ಪ್ರತಿಜೈವಿಕ ಔಷಧಗಳು, ಲಸಿಕೆಗಳು, ಆಸ್ಪತ್ರೆಗಳು, ಜನರ ಆದಾಯ ಎಲ್ಲವೂ ಆ ಅವಧಿಯಲ್ಲೇ ಸುಧಾರಿಸಿದವು. ಎರಡು ಸಂಗತಿ ಜೊತೆಯಲ್ಲಿ ನಡೆದ ಮಾತ್ರಕ್ಕೆ ಒಂದು ಇನ್ನೊಂದರ ಕಾರಣವಾಗುವುದಿಲ್ಲ ಎಂಬ ಪಾಠವನ್ನು ಇಲ್ಲಿ ಮರೆಯಬಾರದು.

ಪೆಟ್ಟಿಗೆಯನ್ನು ನೋಡಿ ಕಲಿತವರು ಅನೇಕರು. ಸ್ಕಾಟ್‌ಲೆಂಡ್ 2017ರಿಂದ ಪ್ರತಿ ಮಗುವಿಗೂ ಅಂಥದೊಂದು ಪೆಟ್ಟಿಗೆ ಕೊಡತೊಡಗಿತು. ನಮ್ಮ ರಾಜ್ಯದಲ್ಲಿಯೂ 2007ರಲ್ಲಿ 'ಮಡಿಲು' ಎಂಬ ಯೋಜನೆ ಬಂದಿತ್ತು. ಸರ್ಕಾರಿ ಆಸ್ಪತ್ರೆಯಲ್ಲಿ ಹೆತ್ತ ಬಡ ತಾಯಂದಿರಿಗೆ ಸೊಳ್ಳೆಪರದೆ, ಜಮಖಾನ, ಹೊದಿಕೆ, ಸಾಬೂನು, ಮಗುವಿನ ಸ್ವೆಟರು, ಟೋಪಿ ಮೊದಲಾದ 19 ಸಾಮಾನುಗಳ ಕಿಟ್. ಮಡಿಲು ತುಂಬುವ ಶಾಸ್ತ್ರವನ್ನು ನೆನಪಿಸುವ ಸೊಗಸಾದ ಹೆಸರು. ಅಲ್ಲಿ ಷರತ್ತು ಹೆರಿಗೆ ಎಲ್ಲಿ ಆಗಬೇಕೆಂಬುದಕ್ಕೆ ಸಂಬಂಧಿಸಿತ್ತು. ಮನೆಯಲ್ಲಿ ಹೆರುತ್ತಿದ್ದವರನ್ನು ಆಸ್ಪತ್ರೆಗೆ ಕರೆತರುವುದೇ ಆಗಿನ ತುರ್ತಾಗಿತ್ತು.

ಮನೆಗೆ ಬರುವ ಕೈಗಳು

ಫಿನ್‌ಲೆಂಡ್ ಸಾಮಾನು ಮತ್ತು ತಪಾಸಣೆ ಕೊಟ್ಟಿತು. ನೆದರ್‌ಲೆಂಡ್ಸ್ ಕೊಟ್ಟದ್ದು ಕೈಗಳನ್ನು. ತವರಿಲ್ಲದವಳ ಪ್ರಶ್ನೆಗೆ ಅತ್ಯಂತ ನೇರವಾದ ಉತ್ತರ ಅಲ್ಲಿನದೇ ಎಂದು ನನ್ನ ಅಭಿಪ್ರಾಯ.

ಅಲ್ಲಿ 'ಕ್ರಾಮ್‌ಜೋರ್ಖ್' ಎಂಬ ಏರ್ಪಾಡಿದೆ. ಕನ್ನಡದಲ್ಲಿ ಹೇಳುವುದಾದರೆ ಬಾಣಂತನದ ಸೇವೆ. ಹೆರಿಗೆಯಾದ ಮೇಲೆ ತರಬೇತಿ ಪಡೆದ ಆರೈಕೆದಾರಳು ತಾಯಿಯ ಮನೆಗೇ ಬರುತ್ತಾಳೆ. ಸಾಮಾನ್ಯವಾಗಿ ಎಂಟು ದಿನಗಳಲ್ಲಿ ಒಟ್ಟು 49 ಗಂಟೆಗಳ ಸೇವೆ. ಅವಶ್ಯಕತೆಗೆ ತಕ್ಕಂತೆ ಅದು ಕನಿಷ್ಠ 24 ಗಂಟೆಯಿಂದ ಗರಿಷ್ಠ 80 ಗಂಟೆಯವರೆಗೆ ಇರಬಹುದು. ಕಡ್ಡಾಯ ಆರೋಗ್ಯ ವಿಮೆಯೇ ಇದರ ಬಹುಪಾಲು ವೆಚ್ಚ ಭರಿಸುತ್ತದೆ. ಮನೆಯವರು ಗಂಟೆಗೆ ಕೆಲವು ಯೂರೋ ಮಾತ್ರ ಕೊಡಬೇಕು.

ಆಕೆ ಮಾಡುವ ಕೆಲಸದ ಪಟ್ಟಿ ನೋಡಿ. ತಾಯಿಯ ಜ್ವರ ಅಳೆಯುವುದು, ಹೊಲಿಗೆ ಮಾಯುತ್ತಿದೆಯೇ, ಗರ್ಭಕೋಶ ಸರಿಯಾಗಿ ಕುಗ್ಗುತ್ತಿದೆಯೇ ಎಂದು ಪರೀಕ್ಷಿಸುವುದು, ಮಗುವಿನ ತೂಕ ಬರೆದಿಡುವುದು, ಮೊಲೆ ಹಿಡಿಸಲು ಕಲಿಸುವುದು. ಅಷ್ಟೇ ಆಗಿದ್ದರೆ ದಾದಿ ಎನ್ನಬಹುದಿತ್ತು. ಆಕೆ ಬಟ್ಟೆ ಒಗೆಯುತ್ತಾಳೆ, ಬಚ್ಚಲು ತೊಳೆಯುತ್ತಾಳೆ, ದೊಡ್ಡ ಮಗುವಿಗೆ ತಿಂಡಿ ಕೊಡುತ್ತಾಳೆ, ಮಗುವಿನ ತಂದೆಗೆ ಸ್ನಾನ ಮಾಡಿಸುವುದನ್ನು ಹೇಳಿಕೊಡುತ್ತಾಳೆ. ನೋಡಲು ಬಂದವರು ಹೆಚ್ಚು ಹೊತ್ತು ಕುಳಿತರೆ ನಯವಾಗಿ ಎಬ್ಬಿಸುವುದೂ ಆಕೆಯ ಕೆಲಸವೇ. ಬರುವವರಿಗೆ ಕೊಡುವುದು ಒಣರೊಟ್ಟಿಯಂಥ ಬಿಸ್ಕತ್ತಿನ ಮೇಲೆ ಸಕ್ಕರೆ ಲೇಪಿಸಿದ ಸೋಂಪಿನ ಕಾಳು ಉದುರಿಸಿದ ತಿಂಡಿ. ಸೋಂಪು ಹಾಲು ಹೆಚ್ಚಿಸುತ್ತದೆ ಎಂಬ ಹಳೆಯ ನಂಬಿಕೆ ಅಲ್ಲಿಯೂ ಇತ್ತು. ನಮ್ಮ ಸಬ್ಬಸಿಗೆಯ ದೂರದ ನೆಂಟಸ್ತಿಕೆ ಎನ್ನಿ.

ಇನ್ನೊಂದು ಸಣ್ಣ ವಿವರ. ಬಾಣಂತಿಯ ಮಂಚದ ಕಾಲುಗಳ ಕೆಳಗೆ ದಿಮ್ಮಿ ಇಟ್ಟು ಅದನ್ನು ಎತ್ತರಿಸಬೇಕೆಂಬ ನಿಯಮ ಅಲ್ಲಿದೆ. ಬಾಣಂತಿಗಾಗಿ ಅಲ್ಲ, ಬಗ್ಗಿ ಬಗ್ಗಿ ಕೆಲಸ ಮಾಡುವ ಆರೈಕೆದಾರಳ ಸೊಂಟ ನೋಯದಿರಲೆಂದು. ನೋಡಿಕೊಳ್ಳುವವಳ ಸೊಂಟದ ಬಗ್ಗೆ ಕಾನೂನು ಯೋಚಿಸಿದೆ ಎಂದರೆ ಆ ಸಮಾಜ ಬಾಣಂತನವನ್ನು ಪ್ರೀತಿಯ ಜೊತೆಗೆ ದುಡಿಮೆಯೆಂದೂ ಕಂಡಿದೆ. ನಮ್ಮ ಅಜ್ಜಿಯರ ಸೊಂಟವನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಅಲ್ಲಿ ಎಲ್ಲವೂ ಸುಸೂತ್ರವೆಂದಲ್ಲ. ಇತ್ತೀಚಿನ ವರ್ಷಗಳಲ್ಲಿ ಈ ಕೆಲಸಕ್ಕೆ ಜನ ಸಾಲದೆ ಗಂಟೆಗಳನ್ನು ಕಡಿತ ಮಾಡಬೇಕಾದ ಸಂದರ್ಭಗಳು ಬಂದಿವೆ.

ರಜೆ ಮತ್ತು ಸಂಬಳ

ಉಳಿದದ್ದು ಸಮಯ ಮತ್ತು ಹಣದ ಪ್ರಶ್ನೆ. ಕಾರ್ಖಾನೆಗಳು ಬಂದ ಮೇಲೆ ಇದು ಹೊಸ ರೂಪ ತಾಳಿತು. ಹೊಲದಲ್ಲಿ ದುಡಿಯುವವಳು ಮಗುವನ್ನು ಮರದ ನೆರಳಿನ ಜೋಳಿಗೆಯಲ್ಲಿ ಮಲಗಿಸಬಹುದು. ಯಂತ್ರದ ಮುಂದೆ ನಿಂತವಳು ಏನು ಮಾಡಬೇಕು? ಜರ್ಮನಿ 1878ರಲ್ಲಿ ಹೆರಿಗೆಯ ನಂತರ ಮೂರು ವಾರ ಕಾರ್ಖಾನೆಯ ಕೆಲಸವನ್ನು ನಿಷೇಧಿಸಿತು. ಸಂಬಳವಿಲ್ಲದ ವಿಶ್ರಾಂತಿ ಬಡವಳಿಗೆ ಉಪವಾಸವೇ. 1883ರ ಆರೋಗ್ಯ ವಿಮೆಯ ಕಾನೂನಿನಲ್ಲಿ ಆ ವಾರಗಳಿಗೆ ಸಹಾಯಧನ ಸೇರಿತು. 1919ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ತನ್ನ ಮೊದಲ ಅಧಿವೇಶನದಲ್ಲೇ ಹೆರಿಗೆಗೆ ಮೊದಲು ಮತ್ತು ನಂತರ ಸೇರಿ 12 ವಾರಗಳ ರಜೆಯ ಒಡಂಬಡಿಕೆ ಮಾಡಿತು.

ಭಾರತದಲ್ಲಿ ಇದರ ಚರ್ಚೆ ನಡೆದದ್ದು ಮುಂಬಯಿ ಪ್ರಾಂತ್ಯದಲ್ಲಿ. 1928ರಲ್ಲಿ ಅಲ್ಲಿನ ಶಾಸನ ಪರಿಷತ್ತಿನ ಮುಂದೆ ಹೆರಿಗೆ ಸೌಲಭ್ಯದ ಮಸೂದೆ ಬಂದಾಗ ಡಾ. ಬಿ.ಆರ್. ಅಂಬೇಡ್ಕರ್ ಅದನ್ನು ಬೆಂಬಲಿಸಿ ಮಾತನಾಡಿದರು. ಹೆರಿಗೆಗೆ ಮುಂಚೆ ಮತ್ತು ನಂತರ ತಾಯಿಗೆ ವಿಶ್ರಾಂತಿ ಸಿಗುವುದು ರಾಷ್ಟ್ರದ ಹಿತ, ಆದ್ದರಿಂದ ಅದರ ಹೊರೆಯ ಹೆಚ್ಚಿನ ಭಾಗವನ್ನು ಸರ್ಕಾರವೇ ಹೊರಬೇಕು ಎಂಬುದು ಅವರ ವಾದವಾಗಿತ್ತು. 1929ರಲ್ಲಿ ಕಾನೂನಾಯಿತು. ಸ್ವತಂತ್ರ ಭಾರತದ 1961ರ ಕಾಯ್ದೆ 12 ವಾರಗಳ ಸಂಬಳಸಹಿತ ರಜೆ ಕೊಟ್ಟಿತು. 2017ರ ತಿದ್ದುಪಡಿ ಮೊದಲ ಎರಡು ಮಕ್ಕಳಿಗೆ ಅದನ್ನು 26 ವಾರಗಳಿಗೆ ಏರಿಸಿ, 50 ಅಥವಾ ಹೆಚ್ಚು ಜನ ದುಡಿಯುವಲ್ಲಿ ಶಿಶುಪಾಲನಾ ಕೊಠಡಿ ಇರಬೇಕೆಂದಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಇವು ಸೇರಿವೆ. ಕಾಗದದ ಮೇಲೆ 26 ವಾರ ಎಂಬುದು ಅನೇಕ ಶ್ರೀಮಂತ ದೇಶಗಳಿಗಿಂತ ಉದಾರ.

ತೊಡಕಿರುವುದು ಯಾರು ಕೊಡಬೇಕೆಂಬಲ್ಲಿ. ಕಾರ್ಮಿಕರ ರಾಜ್ಯ ವಿಮೆಗೆ ಒಳಪಟ್ಟವರನ್ನು ಬಿಟ್ಟರೆ, ಆ ಸಂಬಳವನ್ನೆಲ್ಲ ಕೊಡಬೇಕಾದವನು ಮಾಲೀಕ. ಹತ್ತಿಪ್ಪತ್ತು ಜನರ ಸಣ್ಣ ಕಚೇರಿಯವನು ಮದುವೆಯಾದ ಹುಡುಗಿಗೆ ಕೆಲಸ ಕೊಡುವಾಗ ಮನಸ್ಸಿನಲ್ಲಿ ಲೆಕ್ಕ ಹಾಕುತ್ತಾನೆ. ಅಂಬೇಡ್ಕರ್ 1928ರಲ್ಲೇ ಹೇಳಿದ ಮಾತಿನ ಬೆಲೆ ತಿಳಿಯುವುದು ಇಲ್ಲಿ. ಯೂರೋಪಿನ ಅನೇಕ ದೇಶಗಳಲ್ಲಿ ಈ ಹಣ ಎಲ್ಲರ ವಂತಿಗೆ ಮತ್ತು ತೆರಿಗೆಯಿಂದ ಕೂಡಿದ ನಿಧಿಯಿಂದ ಬರುತ್ತದೆ. ಇನ್ನು, ದೇಶದ ದುಡಿಯುವ ಹೆಂಗಸರಲ್ಲಿ ಬಹುಪಾಲು ಜನ ಯಾವ ಹಾಜರಿ ಪುಸ್ತಕದಲ್ಲೂ ಇಲ್ಲ. ಹೊಲದ ಕೂಲಿ, ಮನೆಗೆಲಸ, ಬೀಡಿ ಕಟ್ಟುವುದು, ಗಾರೆ ಕೆಲಸ ಮಾಡುವವರಿಗೆ 26 ವಾರ ಎಂಬುದು ಕಿವಿಗೂ ಬೀಳದ ಸುದ್ದಿ.

ಸ್ವೀಡನ್ ಇನ್ನೊಂದು ಹೆಜ್ಜೆ ಇಟ್ಟಿತು. 1974ರಲ್ಲಿ ತಾಯಿಯ ರಜೆಯನ್ನು ತೆಗೆದು ತಂದೆತಾಯಿ ಇಬ್ಬರಿಗೂ ಸಲ್ಲುವ ರಜೆಯಾಗಿ ಮಾಡಿದ ಮೊದಲ ದೇಶ ಅದು. ಗಂಡಸರು ಬಳಸಲಿಲ್ಲ. ಮೊದಲ ವರ್ಷ ಅವರು ತೆಗೆದುಕೊಂಡದ್ದು ಒಟ್ಟು ದಿನಗಳ ಶೇಕಡ ಅರ್ಧದಷ್ಟು! ಸರ್ಕಾರ ಆ ದಶಕದ ಕೊನೆಯಲ್ಲಿ ಒಂದು ಭಿತ್ತಿಚಿತ್ರ ಹೊರಡಿಸಿತು. ಅದರಲ್ಲಿ ಭಾರ ಎತ್ತುವ ಜಟ್ಟಿಯೊಬ್ಬ ತನ್ನ ಬಲಿಷ್ಠ ತೋಳಿನಲ್ಲಿ ಪುಟ್ಟ ಮಗುವನ್ನು ಎತ್ತಿಕೊಂಡು ನಗುತ್ತಿದ್ದ. ನೋಡಿದವರೆಲ್ಲ ಮೆಚ್ಚಿದರು, ರಜೆ ಹಾಕಿದವರು ಕೆಲವರೇ. ಬದಲಾವಣೆ ತಂದದ್ದು 1995ರ ನಿಯಮ. ಒಂದು ತಿಂಗಳು ತಂದೆಗೇ ಮೀಸಲು, ಆತ ಬಳಸದಿದ್ದರೆ ಆ ದಿನಗಳು ನಷ್ಟ. ಈಗ ಒಟ್ಟು 480 ದಿನಗಳಲ್ಲಿ ತಲಾ 90 ದಿನ ಇಬ್ಬರಿಗೂ ಮೀಸಲು. ಗಂಡಸರ ಪಾಲು ಶೇಕಡ 30ರ ಸಮೀಪಕ್ಕೆ ಬಂದಿದೆ. ಪ್ರಚಾರಚಿತ್ರಗಳನ್ನು ಮಾಡುವ ವೃತ್ತಿಯವರಿಗೆ ಇದು ಸ್ವಲ್ಪ ನಿರುತ್ಸಾಹದ ಸುದ್ದಿ. 2024ರ ಜುಲೈಯಿಂದ ತಂದೆ ಅಥವಾ ತಾಯಿ ತನ್ನ ಪಾಲಿನಲ್ಲಿ 45 ದಿನಗಳವರೆಗೆ ಅಜ್ಜಿಗೋ ತಾತನಿಗೋ ಬೇರೆಯವರಿಗೋ ಬಿಟ್ಟುಕೊಡಬಹುದು. ಮೊಮ್ಮಗುವನ್ನು ನೋಡಿಕೊಳ್ಳುವ ಅಜ್ಜಿಗೆ ಸರ್ಕಾರದಿಂದ ಸಂದಾಯ!

ಇದರ ಎದುರಿಗೆ ಅಮೆರಿಕ ಸಂಯುಕ್ತ ಸಂಸ್ಥಾನವನ್ನು ಇಡಿ. 1993ರ ಕಾನೂನಿನಂತೆ ಅಲ್ಲಿ ಸಿಗುವುದು 12 ವಾರಗಳ ರಜೆ, ಅದೂ ಸಂಬಳವಿಲ್ಲದೆ. 50ಕ್ಕಿಂತ ಕಡಿಮೆ ನೌಕರರಿರುವ ಖಾಸಗಿ ಸಂಸ್ಥೆಗಳಿಗೆ ಅದೂ ಅನ್ವಯಿಸದು. ಕ್ಯಾಲಿಫೋರ್ನಿಯಾದಂಥ ಕೆಲವು ರಾಜ್ಯಗಳು ತಮ್ಮದೇ ನಿಧಿ ಮಾಡಿಕೊಂಡಿವೆ. ನಮ್ಮ ಕನ್ನಡದ ತಾಯಂದಿರು ಉಪ್ಪಿನಕಾಯಿ, ಅಂಟಿನುಂಡೆಯ ಡಬ್ಬಿ ಕಟ್ಟಿಕೊಂಡು ಆರು ತಿಂಗಳ ವೀಸಾದಲ್ಲಿ ಮಗಳ ಬಾಣಂತನಕ್ಕೆಂದು ವಿಮಾನ ಹತ್ತುವುದಕ್ಕೆ ಪ್ರೀತಿಯಷ್ಟೇ ಇದೂ ಕಾರಣ.

ಇಲ್ಲಿ, ಈಗ

ಮತ್ತೆ ನಮ್ಮ ವಿದ್ಯಾರ್ಥಿನಿಯ ಪ್ರಶ್ನೆ. ತವರಿಲ್ಲದವಳಿಗೆ ಕರ್ನಾಟಕದಲ್ಲಿ ಏನಿದೆ? ಏನೂ ಇಲ್ಲವೆಂದರೆ ತಪ್ಪಾಗುತ್ತದೆ. ಅಂಗನವಾಡಿಗಳ ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಆರಂಭವಾದಾಗ ಅದರಲ್ಲಿ ನಮ್ಮ ಟಿ. ನರಸೀಪುರವೂ ಒಂದಾಗಿತ್ತು. 2017ರಲ್ಲಿ ಬಂದ 'ಮಾತೃಪೂರ್ಣ' ಯೋಜನೆ ಗರ್ಭಿಣಿ ಮತ್ತು ಬಾಣಂತಿಯರಿಗೆ ಅಂಗನವಾಡಿಯಲ್ಲಿ ಬಿಸಿಯೂಟ ಕೊಡುವಂಥದು. ಮಗುವನ್ನು ಎತ್ತಿಕೊಂಡು ಬಿಸಿಲಲ್ಲಿ ಅಷ್ಟು ದೂರ ನಡೆದು ಬಂದು ಉಣ್ಣುವುದು ಹೇಗೆಂದು ಮಲೆನಾಡಿನ ಒಂಟಿಮನೆಯ ಬಾಣಂತಿಯರು ಕೇಳಿದ್ದರಲ್ಲಿ ನ್ಯಾಯವಿತ್ತು. 2013ರ ಆಹಾರ ಭದ್ರತಾ ಕಾಯ್ದೆ ತಾಯಿಗೆ ಕನಿಷ್ಠ 6,000 ರೂಪಾಯಿ ಎಂದಿದೆ. 2017ರ ಪ್ರಧಾನಮಂತ್ರಿ ಮಾತೃವಂದನಾ ಯೋಜನೆ ಮೊದಲ ಮಗುವಿಗೆ 5,000 ಎಂದು ನಿಗದಿ ಮಾಡಿತು. 2023ರಿಂದ ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ಎಂಬ ಶಿಶುಪಾಲನಾ ಕೇಂದ್ರಗಳು ಬಂದಿವೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮನಸ್ಸಿನ ಕಾಯಿಲೆಗೆ ಒಳಗಾದ ತಾಯಿಯನ್ನು ಮಗುವಿನ ಜೊತೆಗೇ ಇಟ್ಟು ಚಿಕಿತ್ಸೆ ಕೊಡುವ ಘಟಕ 2009ರಿಂದ ಇದೆ. ನಮ್ಮ ಹಿರಿಯರು 'ಬಾಣಂತಿ ಸನ್ನಿ' ಎಂದು ಗುರುತಿಸಿದ್ದು ಅಪರೂಪದ ತೀವ್ರ ಕಾಯಿಲೆ. ಅದಕ್ಕಿಂತ ಮೆಲ್ಲಗಿನ ಖಿನ್ನತೆ ಅಪರೂಪವಲ್ಲ. ಹೆತ್ತವರಲ್ಲಿ ಶೇಕಡ 13ರಷ್ಟು ಜನರಿಗೆ ಮಾನಸಿಕ ತೊಂದರೆ ಕಾಣಿಸಿಕೊಳ್ಳುತ್ತದೆ, ಅದರಲ್ಲಿ ಹೆಚ್ಚಿನದು ಖಿನ್ನತೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಹೆರಿಗೆಗಳಲ್ಲಿ ಶೇಕಡ 97 ಆಸ್ಪತ್ರೆಯಲ್ಲೇ ಆಗುತ್ತವೆ. ದೊಡ್ಡ ಸಾಧನೆಯೇ. ಆದರೂ 2018–20ರ ಅವಧಿಯಲ್ಲಿ ಒಂದು ಲಕ್ಷ ಸಜೀವ ಜನನಗಳಿಗೆ ನಮ್ಮಲ್ಲಿ 69 ತಾಯಂದಿರು ತೀರಿಕೊಂಡರು. ಕೇರಳದಲ್ಲಿ ಆ ಸಂಖ್ಯೆ 19. ದಕ್ಷಿಣದ ಐದು ರಾಜ್ಯಗಳಲ್ಲಿ ನಮ್ಮದೇ ಹೆಚ್ಚು. ಆಸ್ಪತ್ರೆಯ ಬಾಗಿಲು ದಾಟಿ ಒಳಗೆ ಹೋಗುವವರೆಗಿನ ದಾರಿಯನ್ನು ನಾವು ಚೆನ್ನಾಗಿ ಹಾಕಿದ್ದೇವೆ. ಹೆರಿಗೆ ಕೋಣೆಯೊಳಗಿನ ಚಿಕಿತ್ಸೆ ಮತ್ತು ಮಗುವನ್ನೆತ್ತಿಕೊಂಡು ಹೊರಬಂದ ಮೇಲಿನ ನಲವತ್ತು ದಿನ, ಎರಡರಲ್ಲೂ ಕೆಲಸ ಬಾಕಿ ಇದೆ.

ಆ ನಲವತ್ತು ದಿನಗಳಲ್ಲಿ ಮನೆ ಬಾಗಿಲಿಗೆ ಬರುವ ಒಬ್ಬಳೇ ಒಬ್ಬಳೆಂದರೆ ಆಶಾ ಕಾರ್ಯಕರ್ತೆ. ಆಸ್ಪತ್ರೆಯಲ್ಲಿ ಹೆತ್ತವಳ ಮನೆಗೆ ಆಕೆ 3, 7, 14, 21, 28 ಮತ್ತು 42ನೆಯ ದಿನ, ಹೀಗೆ ಆರು ಸಲ ಹೋಗಬೇಕು. ಮಗುವನ್ನು ತೂಗುತ್ತಾಳೆ, ಜ್ವರ ನೋಡುತ್ತಾಳೆ, ತಾಯಿಗೆ ದುರ್ವಾಸನೆಯ ಸ್ರಾವವಿದೆಯೇ, ಮಾತು ಅಸಂಬದ್ಧವಾಗಿದೆಯೇ ಎಂದು ಗಮನಿಸುತ್ತಾಳೆ. ಡಚ್ಚರ ಆರೈಕೆದಾರಳಿಗೆ ಒಂದು ಮನೆಯಲ್ಲಿ 49 ಗಂಟೆ. ಇವಳಿಗೆ ಒಂದು ಭೇಟಿಗೆ ಅರ್ಧ ಗಂಟೆ ಸಿಕ್ಕರೆ ಹೆಚ್ಚು. ಇವಳಿಗೆ ಖಾಯಂ ನೌಕರಿಯಿಲ್ಲ. 2011ರಲ್ಲಿ ಈ ಮನೆಭೇಟಿಗಳ ಕಾರ್ಯಕ್ರಮ ಆರಂಭವಾದಾಗ ಎಲ್ಲ ಭೇಟಿಗಳಿಗೂ ಸೇರಿ ಗೊತ್ತುಮಾಡಿದ ಪ್ರೋತ್ಸಾಹಧನ 250 ರೂಪಾಯಿ.

ಆಕೆಯ ಕೈಯಲ್ಲಿರುವ ನಮೂನೆಯಲ್ಲಿ ತಾಯಿಯನ್ನು ಕೇಳಬೇಕಾದ ಮೊದಲ ಪ್ರಶ್ನೆ ಮಗುವಿನ ಕುರಿತದ್ದಲ್ಲ. ಇಪ್ಪತ್ನಾಲ್ಕು ಗಂಟೆಯಲ್ಲಿ ಎಷ್ಟು ಸಲ ಹೊಟ್ಟೆ ತುಂಬ ಊಟ ಮಾಡುತ್ತೀರಿ ಎಂಬುದು. ನಾಲ್ಕಕ್ಕಿಂತ ಕಡಿಮೆ ಎಂದರೆ ಹೆಚ್ಚು ಸಲ ಉಣ್ಣಲು ಹೇಳಬೇಕು ಎಂದು ಪಕ್ಕದಲ್ಲೇ ಬರೆದಿದೆ. ಅಡುಗೆ ಮಾಡುವವರು ಯಾರು ಎಂದು ಕೇಳಲು ಆ ನಮೂನೆಯಲ್ಲಿ ಕಲಮು ಇಲ್ಲ.